ಕಾಂಪೌಂಡ್ ಗೋಡೆ ಆಚೆಗಿನ ನೂರೈವತ್ತು ಅಡಿ: ಕಸದ ಜಾಗದಲ್ಲಿ ತೋಟ ಮಾಡಿದ ನಮ್ಮ ಅಪಾರ್ಟ್‌ಮೆಂಟಿನ ಪ್ರಕರಣ

ನಮ್ಮ ಅಪಾರ್ಟ್‌ಮೆಂಟು ಇರೋದು ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯಿಂದ ಒಳಗೆ ಬರೋ ಒಂದು ಬಡಾವಣೇಲಿ. ನಾಲ್ಕು ಫ್ಲೋರು, 72 ಮನೆ. ಹಿಂದಿನ ಕಾಂಪೌಂಡ್ ಗೋಡೆಗೂ ಅದರಾಚೆ ಹರಿಯೋ ಮೋರಿಗೂ ಮಧ್ಯ ಒಂದು ಪಟ್ಟಿ ಜಾಗ ಇದೆ, ಉದ್ದ 150 ಅಡಿ, ಅಗಲ ಒಂದು ತುದೀಲಿ 14 ಅಡಿ, ಇನ್ನೊಂದು ತುದೀಲಿ ಬರೀ 6. ಪಾಲಿಕೆ ಜಾಗ, ಆದ್ರೆ ಯಾರೂ ಕೇಳೋರಿಲ್ಲದೆ ಬಿದ್ದಿತ್ತು. ನಾನು 2017ರಲ್ಲಿ ಇಲ್ಲಿಗೆ ಬಂದಾಗ್ಲಿಂದ ನೋಡಿದ್ದು ಅಂದ್ರೆ ಒಡೆದ ಕಮೋಡು, ಹಳೇ ಹಾಸಿಗೆ, ಎಳನೀರು ಬುರುಡೆ ರಾಶಿ, ಮಕ್ಕಳ ಡೈಪರ್ರು, ಯಾರದೋ ಮನೆ ಕೆಡವಿದ ಡೆಬ್ರಿಸ್ಸು, ಅದರ ಮೇಲೆಲ್ಲಾ ಸೊಂಟದೆತ್ತರ ಕಾಂಗ್ರೆಸ್ ಗಿಡ. ಹಿಂದಿನ ಸಾಲಿನ 18 ಮನೆಯವರು ಆ ಕಡೆ ಕಿಟಕೀನೇ ತೆಗೀತಿರ್ಲಿಲ್ಲ. ಸಂಜೆ ಆದ್ರೆ ಸೊಳ್ಳೆ, ರಾತ್ರಿ ಆದ್ರೆ ನಾಯಿ ಜಗಳ.

ಈಗ ಅಲ್ಲಿ ತೋಟ ಇದೆ. ಅದು ಹೇಗಾಯ್ತು, ಮೊದಲನೇ ಸಲ ಯಾಕೆ ಹಾಳಾಯ್ತು, ಇದನ್ನ ಬೇರೆ ಅಪಾರ್ಟ್‌ಮೆಂಟಿನವರು ಕೇಳ್ತಾನೇ ಇರ್ತಾರೆ, ಅದಕ್ಕೆ ಪೂರ್ತಿ ಬರೀತಿದೀನಿ.

ಮೊದಲನೇ ಸಲ ಮಾಡಿದ್ದು 2022ರ ಜೂನ್ 5, ವಿಶ್ವ ಪರಿಸರ ದಿನ. ಒಂದು ಜೆಸಿಬಿ ಕರೆಸಿ ಕಸ ಎಲ್ಲಾ ಎತ್ತಿಸಿದ್ವಿ, ಮನೆಗೆ 500 ರೂಪಾಯಿ ಚಂದಾ ಹಾಕಿ ಎರಡು ಲೋಡ್ ಕೆಂಪು ಮಣ್ಣು ತರಿಸಿದ್ವಿ, ನರ್ಸರಿಯಿಂದ 60 ಗಿಡ, ಸುತ್ತ ಹಸಿರು ಬಣ್ಣದ ಮೆಶ್ ಬೇಲಿ, ಒಂದು ಗೇಟು, ಗೇಟಿಗೆ ಬೀಗ. ಮಕ್ಕಳು ಬೋರ್ಡ್ ಬರೆದ್ರು, ಎಲ್ಲರೂ ಫೋಟೋ ತೆಗೆಸ್ಕೊಂಡ್ವಿ, ಉಪ್ಪಿಟ್ಟು ಕೇಸರಿಬಾತ್ ಆಯ್ತು. ಹದಿನೈದು ದಿನಕ್ಕೆ ಬೇಲಿ ಮೇಲಿಂದ ಕಸದ ಕವರ್ ಒಳಗೆ ಬೀಳೋಕೆ ಶುರುವಾಯ್ತು. ಮೊದಲು ಒಂದು, ಆಮೇಲೆ ಹತ್ತು. ಬೀಗ ಇದ್ದಿದ್ದರಿಂದ ಪೌರಕಾರ್ಮಿಕರು ಒಳಗೆ ಬಂದು ಎತ್ತೋಕೂ ಆಗ್ತಿರ್ಲಿಲ್ಲ, ಕೀ ನಮ್ಮ ಸೆಕ್ರೆಟರಿ ಹತ್ರ, ಅವರು ಆಫೀಸಿಗೆ ಹೋದ್ರೆ ಮುಗೀತು. ಆ ಸೆಪ್ಟೆಂಬರ್ ಮಳೆ ಯಾರಿಗೂ ಮರೆತಿರಲ್ಲ, ಅರ್ಧ ಊರು ಮುಳುಗಿತ್ತು. ಮೋರಿ ನೀರು ಮೇಲೆ ಬಂದು ನಾವು ಹಾಕಿದ್ದ ಮಣ್ಣನ್ನೇ ಕೊಚ್ಕೊಂಡು ಹೋಯ್ತು. ದಸರಾ ಹೊತ್ತಿಗೆ 60ರಲ್ಲಿ ಉಳಿದಿದ್ದು 7 ಗಿಡ, ಬೇಲಿ ತುಂಬಾ ಪ್ಲಾಸ್ಟಿಕ್ಕು. ನಂಗೆ ಅಳುನೇ ಬಂದಿತ್ತು ಅವತ್ತು.

ನಮ್ಮ ಬೀದಿ ಗುಡಿಸೋ ಅಕ್ಕ ಒಬ್ಬರಿದ್ದಾರೆ, ಹನ್ನೆರಡು ವರ್ಷದಿಂದ ಇದೇ ರಸ್ತೆ. ಅವರಿಗೆ ಕಾಫಿ ಕೊಡುವಾಗ ಹೀಗಾಯ್ತಲ್ಲಕ್ಕ ಅಂದೆ. "ಮೇಡಂ, ನೀವು ಕಸ ಎತ್ತಿಸಿದ್ರಿ, ಕಸ ಹಾಕೋರು ಯಾರು ಅಂತ ಒಂದ್ ದಿನಾನಾದ್ರೂ ನಿಂತು ನೋಡಿದ್ರಾ?" ಅಂದ್ರು. ಕೋಪದಲ್ಲಿ ಹೇಳಿದ್ದಲ್ಲ, ನಿಜವಾಗ್ಲೂ ಕೇಳಿದ್ರು. ನಾವ್ಯಾರೂ ನೋಡಿರ್ಲಿಲ್ಲ. ಪಕ್ಕದ ರಸ್ತೆಯವರು, ಪಿಜಿ ಹುಡುಗರು, ಎಳನೀರಿನವನು ಅಂತ ನಾವೇ ತೀರ್ಮಾನ ಮಾಡ್ಕೊಂಡಿದ್ವಿ. ಈ ಪ್ರಕರಣ ತಿರುಗಿದ್ದೇ ಅವರ ಆ ಒಂದು ಪ್ರಶ್ನೆಯಿಂದ.

2023ರ ಜನವರೀಲಿ ಗಿಡದ ವಿಷಯಾನೇ ಎತ್ತದೆ ಬರೀ ನೋಡೋಣ ಅಂತ ಆರು ಜನ ಸೇರಿದ್ವಿ. ಎರಡು ವಾರ, ಬೆಳಿಗ್ಗೆ 5ರಿಂದ 9, ರಾತ್ರಿ 9ರಿಂದ 12, ಪಾಳಿ ಹಾಕ್ಕೊಂಡು ಎರಡನೇ ಫ್ಲೋರ್ ಬಾಲ್ಕನಿಯಿಂದ ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋದ್ವಿ, ಎಷ್ಟೊತ್ತಿಗೆ, ಏನು, ಯಾವ ಕಡೆಯಿಂದ, ಅಷ್ಟೇ. ಯಾರ ಫೋಟೋನೂ ತೆಗೀಬಾರ್ದು, ಯಾರ ಮೇಲೂ ಕೂಗಾಡಬಾರ್ದು ಅಂತ ಮೊದಲೇ ಮಾತಾಗಿತ್ತು. ಅದು ತುಂಬಾ ಒಳ್ಳೇ ತೀರ್ಮಾನ ಅಂತ ಈಗ್ಲೂ ಅನ್ಸುತ್ತೆ, ಯಾಕಂದ್ರೆ ಎರಡನೇ ವಾರ ಪೌರಕಾರ್ಮಿಕ ಅಕ್ಕನ ಜೊತೆ ಕೂತು ಗ್ಲೌಸ್ ಹಾಕ್ಕೊಂಡು ಕೆಲವು ಕವರ್ ಬಿಚ್ಚಿದಾಗ ಒಂದರೊಳಗೆ ಒಂದು ಕೊರಿಯರ್ ಡಬ್ಬ ಸಿಕ್ತು, ಅದರ ಮೇಲಿನ ಲೇಬಲ್ಲಲ್ಲಿ ನಮ್ಮದೇ ಅಪಾರ್ಟ್‌ಮೆಂಟ್ ಹೆಸರು, ನಮ್ಮದೇ ಬ್ಲಾಕಿನ ಫ್ಲಾಟ್ ನಂಬರ್ರು. ಲೇಬಲ್ ಅರ್ಧ ನೆನೆದು ಹೋಗಿತ್ತು, ನಂಬರ್ ಮಾತ್ರ ಚೆನ್ನಾಗಿ ಓದೋಕೆ ಆಗ್ತಿತ್ತು. ಆರು ಜನಾನೂ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

ವಿಚಾರಿಸಿದ್ರೆ ಆ ಮನೆಯವರು ತಾವೇ ಬಂದು ಹಾಕ್ತಿದ್ದಿದ್ದಲ್ಲ. ಕೆಲಸಕ್ಕೆ ಬರೋ ಅಮ್ಮನಿಗೆ ಹೋಗ್ತಾ ಕಸ ತಗೊಂಡು ಹೋಗು ಅಂತ ಕೊಡ್ತಿದ್ರು. ನಮ್ಮ ಕಸದ ರೂಮು ಬೆಳಿಗ್ಗೆ 9ಕ್ಕೆ ಬಾಗಿಲು ಹಾಕುತ್ತೆ, ಆಯಮ್ಮ ಕೆಲಸ ಮುಗಿಸೋದು 11ಕ್ಕೆ. ಇನ್ನೆಲ್ಲಿ ಹಾಕ್ತಾರೆ? ಪಿಜಿ ಹುಡುಗರದ್ದೂ ಇದೇ ಕಥೆ, ಕಸ ತಗೊಂಡು ಹೋಗೋ ಆಟೋ ಟಿಪ್ಪರ್ ಬರೋದು ಏಳೂವರೆಗೆ, ನೈಟ್ ಶಿಫ್ಟ್ ಹುಡುಗರು ಆವಾಗ ನಿದ್ದೇಲಿ ಇರ್ತಾರೆ. ನಮ್ಮ ನೋಟ್‌ಬುಕ್ಕಲ್ಲಿದ್ದ ಎಂಟ್ರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಹೊತ್ತು ಹೊಂದದೆ ಬಿದ್ದ ಕಸ. ಡೆಬ್ರಿಸ್ ಮಾತ್ರ ಬೇರೆ, ಅದು ರಾತ್ರಿ ಹನ್ನೊಂದರ ಮೇಲೆ ಟೆಂಪೋದಲ್ಲಿ ಬರ್ತಿತ್ತು, ತಿಂಗಳಿಗೆ ಒಂದೋ ಎರಡೋ ಸಲ.

ಹಂಗಾಗಿ ಎರಡನೇ ಸಲದ ಕೆಲಸ ಶುರುವಾಗಿದ್ದು ಕಸದ ರೂಮಿಂದ. ಬಾಗಿಲು ಮಧ್ಯಾಹ್ನ 1ರವರೆಗೂ ತೆರೆದಿಡೋಕೆ ಅಸೋಸಿಯೇಷನ್ ಒಪ್ತು. ಪಿಜಿ ಓನರ್ ಹತ್ರ ಹೋಗಿ ಮಾತಾಡಿದ್ವಿ, ಅವರು ಗೇಟ್ ಒಳಗೆ ಎರಡು ಡ್ರಮ್ ಇಟ್ಟು ಒಬ್ಬ ಹುಡುಗನಿಗೆ ಬೆಳಿಗ್ಗೆ ಹೊರಗಿಡೋ ಕೆಲಸ ಹಚ್ಚಿದ್ರು. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಬೇರೆ ಬೇರೆ ಮಾಡಬೇಕು ಅನ್ನೋ ಎರಡು ಬಿನ್ ಒಂದು ಬ್ಯಾಗ್ ಪದ್ಧತಿ ಬೆಂಗಳೂರಲ್ಲಿ 2015ರ ಕೊನೆಗೆ ಹೈಕೋರ್ಟ್ ಆದೇಶದಿಂದಲೇ ಕಡ್ಡಾಯ ಆಗಿದೆ, ಪಿಜಿಯವರಿಗೆ ಅದನ್ನ ಕೂತು ತೋರಿಸಿಕೊಟ್ಟೋರೇ ಇರ್ಲಿಲ್ಲ ಅಷ್ಟೇ. ಟೆಂಪೋಗೆ ಒಂದೇ ಉಪಾಯ ಮಾಡಿದ್ವಿ, ಅಗಲವಾದ ತುದೀಲಿ ಮೂರು ದೊಡ್ಡ ಕಲ್ಲು ನೆಟ್ಟು, ಗೋಡೆ ಮೇಲೆ ಲೈಟ್ ಹಾಕಿದ್ವಿ. ಗಾಡಿ ಹಿಂದಕ್ಕೆ ತಿರುಗಿಸೋಕೆ ಜಾಗ ಇಲ್ಲ ಅಂದ್ಮೇಲೆ ಅವರು ಬರೋದು ನಿಂತ್ತು. ಪೌರಕಾರ್ಮಿಕ ಅಕ್ಕಂದಿರು ಆ ಜಾಗ ತೊಳೆದು ಒಂದು ವಾರ ದಿನಾ ದೊಡ್ಡದಾಗಿ ರಂಗೋಲಿ ಹಾಕಿದ್ರು. ಬೆಂಗಳೂರಲ್ಲಿ ಕಸದ ಸ್ಪಾಟ್‌ಗಳಲ್ಲಿ ಇದನ್ನ ಎಷ್ಟೋ ಕಡೆ ಮಾಡ್ತಾರೆ, ಬೀದಿಗಳಲ್ಲಿ ಇಂಥ ಕೆಲಸ 2010ರಿಂದ ಮಾಡ್ಕೊಂಡು ಬಂದಿರೋ ದಿ ಅಗ್ಲಿ ಇಂಡಿಯನ್ ಗುಂಪಿನವರ ಮಾತೇ ಇದೆ, ಬಾಯಿ ಮುಚ್ಚಿ ಕೆಲಸ ಮಾಡು ಅಂತ. ರಂಗೋಲಿ ಮೇಲೆ ಕಸ ಎಸೆಯೋಕೆ ಯಾರಿಗೂ ಮನಸ್ಸು ಬರಲ್ಲ. ಮೂರು ತಿಂಗಳು ಒಂದು ಗಿಡಾನೂ ನೆಡದೆ ಜಾಗಾನ ಬರೀ ಕ್ಲೀನಾಗಿ ಇಟ್ಕೊಂಡ್ವಿ.

ಅನುಮತಿ ವಿಷಯ. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಚುನಾವಣೆ ಆಗಿರ್ಲಿಲ್ಲ, ಕಾರ್ಪೊರೇಟರ್ ಇಲ್ಲ, ಹಂಗಾಗಿ ವಾರ್ಡ್ ಇಂಜಿನಿಯರ್ ಮತ್ತೆ ತೋಟಗಾರಿಕೆ ವಿಭಾಗ ಇಬ್ಬರಿಗೂ ಅರ್ಜಿ ಕೊಟ್ವಿ. ಅರ್ಜೀಲಿ ಮೂರು ಮಾತು ಬರೆದು ಸೈನ್ ಹಾಕಿದ್ವಿ: ಈ ಜಾಗದ ಮೇಲೆ ನಮಗೆ ಯಾವ ಹಕ್ಕೂ ಬೇಡ, ಬೇಲಿ ಬೀಗ ಹಾಕಲ್ಲ, ಪಾಲಿಕೆಗೆ ಬೇಕಾದಾಗ ಬಿಟ್ಟುಕೊಡ್ತೀವಿ. ಬೇಲಿ ತೆಗೀಬೇಕು ಅಂತ ನಾನು ಹಠ ಹಿಡಿದಿದ್ದೆ, ಇದಕ್ಕೆ ನಮ್ಮೊಳಗೇ ಜಗಳ ಆಯ್ತು, ದುಡ್ಡು ಹಾಕಿದೋರು ನಾವು ಬೇರೆಯೋರು ಯಾಕೆ ಬರಬೇಕು ಅಂತ. ಆದ್ರೆ ಅದು ಸಾರ್ವಜನಿಕ ಜಾಗ, ಬೀಗ ಹಾಕೋ ಹಕ್ಕು ನಮಗಿಲ್ಲ, ಮತ್ತೆ ಮೊದಲನೇ ಸಲ ಕಸ ಬಿದ್ದಿದ್ದೇ ಬೀಗದೊಳಗೆ. ಇಂಜಿನಿಯರ್ ಬಂದು ನೋಡಿ ಒಂದು ಷರತ್ತು ಹಾಕಿದ್ರು, ಮೋರಿ ಗೋಡೆಯಿಂದ ನಾಲ್ಕು ಅಡಿ ಏನೂ ನೆಡಬೇಡಿ, ಹೂಳೆತ್ತೋ ಮೆಷಿನ್ ಬರಬೇಕು, ಬೇರು ಹೋಗಿ ಗೋಡೆ ಬಿರುಕು ಬಿಡಬಾರ್ದು. ನಮ್ಮ 14 ಅಡಿ 10 ಆಯ್ತು, 6 ಅಡಿ 2 ಆಯ್ತು. ಸರಿ ಅಂದ್ವಿ.

ಮಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಸೋಲೋದು ಇಲ್ಲೇ. ನಮ್ಮ ಸೆಕ್ಯುರಿಟಿ ಅಣ್ಣ ಒಬ್ಬರು ಗದಗದ ಕಡೆಯೋರು, ಊರಲ್ಲಿ ಹೊಲ ಇದೆ. ನಾವು ಸಸಿ ತರೋಕೆ ಹೊರಟಾಗ ಅವರೇ ತಡೆದ್ರು. "ಅಕ್ಕಾರ, ನೆಲಾ ಹದಾ ಮಾಡದ ಸಸಿ ಹಚ್ಚಬ್ಯಾಡ್ರಿ, ಮೊದ್ಲ ಒಂದ್ ಗುಂಡಿ ತಗದ ನೋಡೂಣ" ಅಂದ್ರು. ಹಾರೆ ಹಾಕಿದ್ರೆ ಮುಕ್ಕಾಲು ಅಡಿಗೇ ಠಣ್ ಅಂತು. ಸಿಮೆಂಟ್ ಹೆಪ್ಪುಗಟ್ಟಿದ ಹಲಗೆ, ಅದರ ಕೆಳಗೆ ಇಟ್ಟಿಗೆ ಚೂರು, ಟೈಲ್ಸು, ಒಂದು ಹವಾಯಿ ಚಪ್ಪಲಿ. ಗುಂಡಿಗೆ ಸಂಜೆ ಎರಡು ಬಕೆಟ್ ನೀರು ಸುರಿದು ಬಿಟ್ವಿ, ಬೆಳಿಗ್ಗೆನೂ ನೀರು ಹಂಗೇ ನಿಂತಿತ್ತು. ನಮ್ಮ ಮೊದಲನೇ ಸಲದ ಗಿಡಗಳು ಯಾಕೆ ಸತ್ವು ಅಂತ ಅವತ್ತು ಗೊತ್ತಾಯ್ತು, ಮೇಲೆ ಚೆಂದದ ಕೆಂಪು ಮಣ್ಣು, ಕೆಳಗೆ ಬಾಂಡ್ಲಿ ಥರ ಸಿಮೆಂಟು, ಬೇರು ನೀರಲ್ಲೇ ಕೊಳೀತು. ಸಿಮೆಂಟಿನ ಸುಣ್ಣದಂಶ ಮಣ್ಣನ್ನ ಕ್ಷಾರ ಮಾಡುತ್ತೆ, ಹೊಸ ಎಲೆ ಹಳದಿ ತಿರುಗೋದೂ ಅದಕ್ಕೇ.

ಇಡೀ ಜಾಗ ಅಗೆಯೋಕೆ ದುಡ್ಡೂ ಇಲ್ಲ ಶಕ್ತೀನೂ ಇಲ್ಲ. ಅಗಲದ ತುದೀಲಿ ಮಾತ್ರ ಎರಡಡಿ ಉದ್ದ ಎರಡಡಿ ಅಗಲ ಎರಡಡಿ ಆಳದ 9 ಗುಂಡಿ ತೆಗೆದು ಸಿಮೆಂಟ್ ಒಡೆದು ಹಾಕಿದ್ವಿ, ಉಳಿದ ಕಡೆ ಅದೇ ಡೆಬ್ರಿಸ್ಸಿನ ಇಟ್ಟಿಗೆ ಜೋಡಿಸಿ ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿದ್ವಿ. ಮಡಿ ತುಂಬೋಕೆ ಅಡೀಲಿ ಒಣಗಿದ ಎಲೆ, ಎಳನೀರು ಬುರುಡೆ ಸೀಳು, ಮೇಲೆ ನಮ್ಮದೇ ಹಸಿ ಕಸದ ಗೊಬ್ಬರ ಮತ್ತೆ ಮಣ್ಣು. ಒಣ ಎಲೆಗೆ ಕೋಳಿ ಮೆಶ್ ಸುತ್ತಿದ ಒಂದು ಗೂಡು ಮಾಡಿದ್ವಿ, ಮೊದಲು ಬೀದಿ ಎಲೆಗೆಲ್ಲಾ ಬೆಂಕಿ ಹಾಕ್ತಿದ್ರು, ಈಗ ಅಕ್ಕ ಗುಡಿಸಿ ನೇರ ತಂದು ಇದಕ್ಕೆ ಸುರೀತಾರೆ. ಸೆಕ್ಯುರಿಟಿ ಅಣ್ಣ ಜೀವಾಮೃತ ಅನ್ನೋ ನೀರು ಗೊಬ್ಬರ ಮಾಡ್ಸಿದ್ರು, 200 ಲೀಟರ್ ಡ್ರಮ್ಮಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡ್ಲೆಹಿಟ್ಟು, ಒಂದು ಹಿಡಿ ಮಣ್ಣು, ದಿನಾ ಎರಡು ಹೊತ್ತು ಕೋಲಲ್ಲಿ ತಿರುವೋದು. ಸಗಣಿ ಹತ್ತಿರದ ಹಾಲಿನವರ ಮನೇದು. ಗ್ರೌಂಡ್ ಫ್ಲೋರ್ ಮನೆಯೋರು ಒಂದು ವಾರ ವಾಸನೆ ಸಹಿಸ್ಕೊಂಡ್ರು, ಅವರಿಗೆ ಇವತ್ತಿಗೂ ನಾನು ಋಣಿ.

ಕಾಂಗ್ರೆಸ್ ಗಿಡಾನ ಹೂ ಬಿಡೋ ಮುಂಚೆ ಬುಡ ಸಮೇತ ಕೀಳಬೇಕು, ಬರಿಗೈಲಿ ಮುಟ್ಟಬಾರ್ದು, ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ. ಮಳೆಗಾಲದಲ್ಲಿ ಅದರೆಲೆ ಮೇಲೆ ಪಟ್ಟೆ ಪಟ್ಟೆ ದುಂಬಿ ಕೂತಿರ್ತವೆ, ಮಕ್ಕಳು ಕೊಲ್ಲೋಕೆ ಹೋದ್ರು, ಬೇಡ ಅಂದೆ. ಈ ಗಿಡ ತಿನ್ಲಿ ಅಂತಲೇ ಮೆಕ್ಸಿಕೋದಿಂದ ತಂದು 1984ರಲ್ಲಿ ನಮ್ಮ ಬೆಂಗಳೂರಲ್ಲೇ ಬಿಟ್ಟ ದುಂಬಿ ಅದು.

ಏನು ನೆಡೋದು ಅನ್ನೋದಕ್ಕೆ ಒಂದು ಮೀಟಿಂಗು. ಅರ್ಧ ಜನಕ್ಕೆ ತರಕಾರಿ ಬೇಕು. ನಮ್ಮ ಹತ್ರ ಇದ್ದ ನೀರು ಎಸ್‌ಟಿಪಿ ನೀರು, ಅಂದ್ರೆ ಮನೆಗಳ ಕೊಳಚೆ ನೀರನ್ನೇ ಶುದ್ಧ ಮಾಡಿದ್ದು, ಹಸಿಯಾಗಿ ತಿನ್ನೋ ಸೊಪ್ಪಿಗೆ ಅದನ್ನ ಹಾಕೋದು ನಂಗೆ ಒಪ್ಪಿಗೆ ಇರ್ಲಿಲ್ಲ, ಮೋರಿ ಪಕ್ಕದ ಮಣ್ಣು ಬೇರೆ. ಕೊನೆಗೆ ಗುಂಡಿಗಳಲ್ಲಿ ನುಗ್ಗೆ, ಕರಿಬೇವು, ಸೀಬೆ, ನಿಂಬೆ, ಒಂದು ಗಸಗಸೆ ಹಣ್ಣಿನ ಗಿಡ. ಮಡಿಗಳಲ್ಲಿ ದಾಸವಾಳ, ನಂದಿಬಟ್ಟಲು, ಕನಕಾಂಬರ, ಚೆಂಡು ಹೂವು, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ. ಮೋರಿ ಕಡೆ ಅಂಚಿಗೆ ಲಾವಂಚ, ಅದರ ಬೇರು ನೇರ ಕೆಳಗಿಳಿದು ಮಣ್ಣು ಹಿಡ್ಕೊಳುತ್ತೆ, ಗೋಡೆ ಕಡೆ ಹರಡಲ್ಲ, ಇದನ್ನ ಇಂಜಿನಿಯರ್ರಿಗೂ ತೋರಿಸಿ ಒಪ್ಪಿಸಿದ್ವಿ. ನರ್ಸರಿಯೋರು ಹತ್ತು ಕಣಗಿಲೆ ಗಿಡ ಸುಮ್ನೆ ಕೊಟ್ರು, ಗಟ್ಟಿ ಗಿಡ ಅಂತ. ವಿಷದ ಗಿಡ, ಮಕ್ಕಳು ಹಸು ಓಡಾಡೋ ಜಾಗ, ವಾಪಸ್ ಕೊಟ್ವಿ. 2023ರ ಜೂನ್ ಕೊನೇಲಿ ನೆಟ್ಟಿದ್ದು 48 ಗಿಡ.

ಅಸೋಸಿಯೇಷನ್ನಿನ ವಾರ್ಷಿಕ ಸಭೇಲಿ ಖಜಾಂಚಿ ಸಾರ್ ನೇರ ಕೇಳಿದ್ರು, ಕಾಂಪೌಂಡ್ ಹೊರಗಿನ ಜಾಗಕ್ಕೆ ಮೇಂಟೆನೆನ್ಸ್ ದುಡ್ಡು ಯಾವ ಲೆಕ್ಕದಲ್ಲಿ ಹಾಕ್ಲಿ ಅಂತ. ನ್ಯಾಯವಾದ ಪ್ರಶ್ನೆ. ಬಾಡಿಗೆಗಿರೋರು ನಾವ್ಯಾಕೆ ಕೊಡ್ಬೇಕು ಅಂದ್ರು, ಅದೂ ನ್ಯಾಯನೇ. ಆವಾಗ ಆಗಿದ್ದು ಏನಂದ್ರೆ ನೀರು ಮತ್ತೆ ಕರೆಂಟು ಅಸೋಸಿಯೇಷನ್‌ದು, ಉಳಿದಿದ್ದೆಲ್ಲಾ ಇಷ್ಟ ಇದ್ದೋರು ತಿಂಗಳಿಗೆ 100 ರೂಪಾಯಿ. 31 ಮನೆ ಸೇರಿದ್ವು. ಸಾಕಾಯ್ತು.

ಆ ವರ್ಷ ಮಳೆ ಕೈಕೊಡ್ತು, ರಾಜ್ಯದ 200ಕ್ಕೂ ಹೆಚ್ಚು ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು, 2024ರ ಮಾರ್ಚ್ ಬಂತು ನೋಡಿ, ಬೆಂಗಳೂರಿಗೇ ನೀರಿಲ್ಲ. ಬೋರ್ ಬತ್ತಿತು, ಟ್ಯಾಂಕರ್ ರೇಟು ಹೇಳೋ ಹಂಗಿರ್ಲಿಲ್ಲ, ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಮಾಡ್ತು. ಸರಿಯಾದ ಆರ್ಡರ್ರೇ. ಮನೇಲಿ ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡುವಾಗ ಗೋಡೆ ಆಚೆ ಗಿಡಕ್ಕೆ ನೀರು ಅಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಮನೇಲಿ ನೀರು ಕಮ್ಮಿ ಆದ್ರೆ ಎಸ್‌ಟಿಪಿ ನೀರೂ ಕಮ್ಮಿ, ಫ್ಲಶ್ಶಿಗೆ ಹೋಗಿ ಮಿಕ್ಕಿದ್ದು ದಿನಕ್ಕೆ ನಮಗೆ ಸಿಕ್ಕಿದ್ದು 200 ಲೀಟರು. ಅದರಲ್ಲಿ 48 ಗಿಡ ಉಳಿಸಬೇಕು. ಕುಂಬಾರರ ಹತ್ರ 30 ಚಿಕ್ಕ ಮಡಕೆ ತಂದು ಗಿಡದ ಪಕ್ಕ ಕತ್ತಿನವರೆಗೂ ಹೂತು, ಅದಕ್ಕೆ ನೀರು ತುಂಬಿ ಮುಚ್ಚಳ ಹಾಕಿದ್ವಿ, ನೀರು ಮಡಕೆಯಿಂದ ಜಿನುಗಿ ಬೇರಿಗೆ ಮಾತ್ರ ಹೋಗುತ್ತೆ, ಮೇಲೆ ಆರಿ ಹೋಗಲ್ಲ. ಮಣ್ಣು ಕಾಣದ ಹಂಗೆ ಒಣ ಎಲೆ ಹೊದಿಸಿದ್ವಿ. ಏಪ್ರಿಲಲ್ಲಿ ಊರಲ್ಲಿ ಮಳೇನೇ ಬೀಳ್ಲಿಲ್ಲ. ಬೆಳಿಗ್ಗೆ ಆರಕ್ಕೆ ಮೂರನೇ ಫ್ಲೋರಿನ ಅಜ್ಜಿ, 74 ವರ್ಷ, ಒಂದು ಹಳೇ ಹಾರ್ಲಿಕ್ಸ್ ಬಾಟಲ್ಲಲ್ಲಿ ನೀರು ಹಿಡ್ಕೊಂಡು ಬಂದು ಮಡಕೆ ಮುಚ್ಚಳ ಒಂದೊಂದೇ ಎತ್ತಿ ಬೆರಳು ಇಳಿಸಿ ನೋಡೋರು, ಖಾಲಿ ಆಗಿದ್ರೆ ಮಾತ್ರ ಹಾಕೋರು. ಆ ಬೇಸಿಗೇಲಿ ಹೋಗಿದ್ದು 9 ಗಿಡ, ಉಳಿದಿದ್ದು 39. ಈ ಪ್ರಕರಣದಲ್ಲಿ ನಂಗೆ ದೊಡ್ಡದು ಅನ್ಸೋದು ನೆಟ್ಟ ದಿನ ಅಲ್ಲವೇ ಅಲ್ಲ, ಆ ಎರಡು ತಿಂಗಳು.

ಮಳೆ ಬಂದ ಮೇಲೆ ಡೆಂಗ್ಯೂ. 2024ರ ಸೆಪ್ಟೆಂಬರಲ್ಲಿ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತಲೇ ಘೋಷಿಸ್ತು, ನಮ್ಮ ಅಪಾರ್ಟ್‌ಮೆಂಟಲ್ಲೇ ನಾಲ್ಕು ಜನಕ್ಕೆ ಬಂದಿತ್ತು, ಎಲ್ಲರ ಬೆರಳೂ ತೋಟದ ಕಡೆ. ಮಡಕೆ ಒಳಗೆ ನೀರು ನಿಲ್ಲುತ್ತಲ್ಲ, ಭಯ ಸುಮ್ನೆ ಅಲ್ಲ. ಮಳೆಗಾಲಕ್ಕೆ ಮಡಕೆಗಳನ್ನ ಎಲ್ಲಾ ಎತ್ತಿ ಬೋರಲು ಹಾಕಿದ್ವಿ, ಪ್ರತಿ ಭಾನುವಾರ ಮಕ್ಕಳು ನೀರು ನಿಂತಿರೋ ಚಿಪ್ಪು, ಕಪ್ಪು, ಟಯರ್ ಹುಡುಕಿ ಎಣಿಸಿ ಬರೀತಿದ್ರು. ಜಾಸ್ತಿ ಸಿಕ್ಕಿದ್ದು ಬಾಲ್ಕನಿ ಪಾಟ್‌ಗಳ ತಟ್ಟೇಲಿ.

ಹೂ ಕೀಳೋರದ್ದು ಇನ್ನೊಂದು ದೊಡ್ಡ ವಿಷಯ. ಬೆಳಿಗ್ಗೆ ಐದೂವರೆಗೆ ಒಬ್ಬ ಯಜಮಾನರು ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಬಂದು ದಾಸವಾಳ ಪೂರ್ತಿ ಬೋಳು ಮಾಡ್ಕೊಂಡು ಹೋಗ್ತಿದ್ರು, ಕೇಳಿದ್ರೆ ದೇವರಿಗೆ ತಾನೇ ಅಮ್ಮ ಅನ್ನೋರು. ಬೋರ್ಡ್ ಹಾಕೋಣ ಅಂತ ಕೆಲವರು. ಅಜ್ಜಿ ಅವರಿಗೆ, "ರಾಯರೇ, ಕೀಳಿ, ಆದ್ರೆ ಗಿಡಕ್ಕೆ ಐದು ಬಿಡಿ, ಗಿಡಕ್ಕೂ ದೇವರಿದ್ದಾನೆ" ಅಂದ್ರು, ಜೊತೆಗೆ ಸೋಮವಾರ ಗುರುವಾರ ನೀರು ಹಾಕೋ ಪಾಳಿ ಕೊಟ್ಟೇಬಿಟ್ರು. ಎರಡು ರಸ್ತೆ ಆಚೆಯೋರು ಅವರು, ನಮ್ಮ ಅಪಾರ್ಟ್‌ಮೆಂಟಿನವರಲ್ಲ. ಒಂದು ಪಾಳಿನೂ ತಪ್ಪಿಸಿಲ್ಲ.

ಕಳೆದ ಫೆಬ್ರವರೀಲಿ ಕೇಬಲ್ ಹಾಕೋಕೆ ಅಂತ ಯಾರೋ ಕಾಂಟ್ರಾಕ್ಟರ್ ರಾತ್ರೋ ರಾತ್ರಿ ಅಗೆದು ಕಿರಿದಾದ ತುದಿಯ ಮಡಿಗಳನ್ನ ಪೂರ್ತಿ ತೆಗೆದುಹಾಕಿದ, ಒಂದು ಮಾತು ಹೇಳ್ಲಿಲ್ಲ. ನಮಗೆ ಹಕ್ಕು ಬೇಡ ಅಂತ ಬರೆದುಕೊಟ್ಟಿದ್ವಿ ನಿಜ, ಆದ್ರೂ ಹೊಟ್ಟೆ ಉರೀತು. 11 ಗಿಡ ಹೋಯ್ತು. ಆ ಮಾತಿಗೆ ಒಂದು ಸಾಲು ಸೇರಿಸಬೇಕಿತ್ತು, ಅಗೆಯೋ ಮುಂಚೆ ಒಂದು ವಾರ ತಿಳಿಸಿ ಅಂತ. ಬೇರೆಯವರು ಅರ್ಜಿ ಬರೆಯುವಾಗ ಇದನ್ನ ಮರೀಬೇಡಿ. 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದ ಮೇಲೆ ನಮ್ಮ ಹಳೇ ಪತ್ರ ಇಟ್ಕೊಂಡು ಹೊಸ ಆಫೀಸಿಗೆ ಮತ್ತೆ ಅರ್ಜಿ ಕೊಟ್ಟಿದೀವಿ, ಈ ಸಲ ಆ ಸಾಲು ಸೇರಿಸಿ.

ಗಸಗಸೆ ಮರ ಈಗ ಒಂದನೇ ಫ್ಲೋರ್ ದಾಟಿದೆ. ಸ್ಕೂಲ್ ಬಿಟ್ಟ ಮೇಲೆ ಪಿಜಿ ಹಿಂದಿನ ಶೆಡ್‌ಗಳ ಮಕ್ಕಳು, ನಮ್ಮ ಮಕ್ಕಳು ಎಲ್ಲಾ ಸೇರಿ ಕೆಂಪು ಹಣ್ಣು ಆರಿಸ್ತಾವೆ. ಹಿಂದಿನ ಸಾಲಿನ ಕಿಟಕಿಗಳು ತೆರೆದಿರ್ತವೆ. ಕಸ ಪೂರ್ತಿ ನಿಂತಿಲ್ಲ, ವಾರಕ್ಕೆ ಒಂದೆರಡು ಕವರ್ ಬೀಳುತ್ತೆ, ಯಾರ ಕಣ್ಣಿಗೆ ಬೀಳುತ್ತೋ ಅವರೇ ಎತ್ತಿ ಟಿಪ್ಪರ್‌ಗೆ ಹಾಕ್ತಾರೆ. ಗದಗದ ಅಣ್ಣ ಊರಿಗೆ ವಾಪಸ್ ಹೋದ್ರು, ಹೋಗುವಾಗ ಕೇಬಲ್‌ನವರು ಅಗೆದ ಜಾಗಕ್ಕೆ ಅವರೆ ಬೀಜ ಊರಿ ಹೋಗಿದ್ರು, ಈಗ ಬಳ್ಳಿ ಹಬ್ಬಿ ಹೂ ಬಿಟ್ಟಿದೆ. ಬುಧವಾರದ ನೀರಿನ ಪಾಳಿ ಇನ್ನೂ ಖಾಲಿ ಇದೆ, ಅವರದ್ದು ಅದು. ಸದ್ಯಕ್ಕೆ ನಾನು ಹಾಕ್ತಿದೀನಿ.